ಅಮರೀಶ್ ಪುರಿ: ಖಳನಾಯಕನಿಗೂ ತಂದೆಗೂ ಒಂದೇ ದನಿ

ಹಿಂದಿ ಚಿತ್ರರಂಗದ ಎರಡು ದೊಡ್ಡ ಯಶಸ್ಸುಗಳು 1995ರಲ್ಲಿ, ಒಂಬತ್ತು ತಿಂಗಳ ಅಂತರದಲ್ಲಿ ತೆರೆಕಂಡವು. ಜನವರಿಯಲ್ಲಿ ಬಂದ ‘ಕರಣ್ ಅರ್ಜುನ್’ 2024ರ ನವೆಂಬರಿನಲ್ಲಿ ಮತ್ತೊಮ್ಮೆ ಚಿತ್ರಮಂದಿರಗಳಿಗೆ ಬಂದಿತು. ಅಕ್ಟೋಬರಿನಲ್ಲಿ ಬಂದ ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’ ಮೂವತ್ತು ವರ್ಷ ಪೂರೈಸಿದೆ. ಆಗಿನ್ನೂ ಹುಟ್ಟಿರದಿದ್ದವರು ಈಗ ಇವೆರಡನ್ನೂ ಮೊದಲ ಬಾರಿಗೆ ನೋಡುತ್ತಿದ್ದಾರೆ. ಹಾಗೆ ನೋಡಿದವರಲ್ಲಿ ಸಹಜವಾಗಿ ಏಳುವ ಒಂದು ಪ್ರಶ್ನೆಯಿದೆ. ಎರಡೂ ಚಿತ್ರಗಳಲ್ಲಿ ಶಾರುಖ್ ಖಾನ್ ನಾಯಕ, ಎರಡರಲ್ಲೂ ಅವನ ದಾರಿಗೆ ಅಡ್ಡ ನಿಲ್ಲುವವರು ಅಮರೀಶ್ ಪುರಿ. ಮೊದಲನೆಯದರಲ್ಲಿ ಅವರು ಆಸ್ತಿಗಾಗಿ ಇಬ್ಬರು ಅಣ್ಣತಮ್ಮಂದಿರನ್ನು ಕೊಲ್ಲುವ ಠಾಕೂರ್ ದುರ್ಜನ್ ಸಿಂಗ್. ಎರಡನೆಯದರಲ್ಲಿ ಲಂಡನ್ನಿನಲ್ಲಿ ಅಂಗಡಿ ನಡೆಸುತ್ತ ಪಂಜಾಬಿನ ಹೊಲಗಳನ್ನು ನೆನೆಯುವ ಬಲದೇವ್ ಸಿಂಗ್. ಅದೇ ದನಿ, ಅದೇ ಅಗಲ ಕಣ್ಣು, ಅದೇ ಬಿಗಿದ ಮುಖ. ಆದರೂ ಒಬ್ಬನ ಸಾವಿಗೆ ಚಪ್ಪಾಳೆ ತಟ್ಟುವ ಪ್ರೇಕ್ಷಕ ಇನ್ನೊಬ್ಬನ ಮನಸ್ಸು ಕರಗುವುದನ್ನು ಉಸಿರು ಹಿಡಿದು ಕಾಯುತ್ತಾನೆ. ಇದು ಹೇಗೆ ಸಾಧ್ಯವಾಯಿತು?

ಉತ್ತರ ಸಿಗಬೇಕಾದರೆ ಅವರ ವೃತ್ತಿಜೀವನವನ್ನು ಮೊದಲಿನಿಂದ ನೋಡಬೇಕಾಗುತ್ತದೆ. ಅಮರೀಶ್ ಪುರಿ ಮಾಡಿದ ನೂರಾರು ಪಾತ್ರಗಳ ಒಳಗೆ ಒಂದೇ ಬಗೆಯ ಮನುಷ್ಯ ಮತ್ತೆ ಮತ್ತೆ ಕಾಣುತ್ತಾನೆ. ಮನೆಯಲ್ಲಾಗಲಿ, ಊರಿನಲ್ಲಾಗಲಿ, ನ್ಯಾಯಾಲಯದಲ್ಲಾಗಲಿ, ತನ್ನ ಮಾತೇ ಕೊನೆಯ ಮಾತು ಎಂದು ನಂಬಿರುವವನು ಅವನು. ಆ ಅಧಿಕಾರವನ್ನು ಅವನು ಯಾವುದಕ್ಕೆ ಬಳಸುತ್ತಾನೆ, ಅದು ಕೈತಪ್ಪಿದಾಗ ಏನಾಗುತ್ತಾನೆ ಎಂಬುದಷ್ಟೇ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ.

ಮೊದಲು ಮೂರು ಪದಗಳು

ಹಿಂದಿ ಸಿನಿಮಾದ ಬಗ್ಗೆ ಬರೆಯುವವರು ಮೂರು ಪದಗಳನ್ನು ವಿವರಣೆಯಿಲ್ಲದೆ ಬಳಸುತ್ತಾರೆ. ಖಳನಾಯಕ ಎಂದರೆ ಕೆಟ್ಟವನಷ್ಟೇ ಅಲ್ಲ, ಕಥೆಯನ್ನು ಮುಂದೆ ತಳ್ಳುವವನು. ಅವನು ಏನನ್ನಾದರೂ ಕಿತ್ತುಕೊಂಡಾಗಲೇ ನಾಯಕನಿಗೆ ಕೆಲಸ ಹುಟ್ಟುತ್ತದೆ. ಪೋಷಕ ನಟ ಎಂದರೆ ನಾಯಕ-ನಾಯಕಿಯರ ಸುತ್ತಲಿನ ತಂದೆ, ವಕೀಲ, ಪೊಲೀಸ್ ಅಧಿಕಾರಿ ಮುಂತಾದ ಪಾತ್ರಗಳನ್ನು ಮಾಡುವವನು. ಸಮಾನಾಂತರ ಸಿನಿಮಾ, ಅಥವಾ ನಮ್ಮಲ್ಲಿ ಹೊಸ ಅಲೆ ಎಂದು ಕರೆಯಲಾದದ್ದು, 1970ರ ಆಸುಪಾಸಿನಲ್ಲಿ ಕಡಿಮೆ ಹಣದಲ್ಲಿ, ತಾರೆಯರ ಹಂಗಿಲ್ಲದೆ, ಜಾತಿ, ಜಮೀನು, ಬಡತನದಂತಹ ವಿಷಯಗಳನ್ನು ನೇರವಾಗಿ ಕೈಗೆತ್ತಿಕೊಂಡ ಚಿತ್ರಗಳ ಧಾರೆ. ಈ ಧಾರೆಯ ನಟರು ಸಾಮಾನ್ಯವಾಗಿ ರಂಗಭೂಮಿಯಿಂದ ಬಂದವರು. ಮುಖ್ಯಧಾರೆಯ ಹಾಡು-ಹೊಡೆದಾಟದ ಚಿತ್ರಗಳಲ್ಲಿಯೂ ಅಷ್ಟೇ ಎತ್ತರಕ್ಕೆ ಏರಿದವರು ಅವರಲ್ಲಿ ಕೆಲವರೇ, ಆ ಕೆಲವರಲ್ಲಿ ಪುರಿ ಒಬ್ಬರು.

ನಲವತ್ತರ ಹೊಸ್ತಿಲಲ್ಲಿ ಆರಂಭ

ಅಮರೀಶ್ ಪುರಿ ಹುಟ್ಟಿದ್ದು 1932ರ ಜೂನ್ 22ರಂದು, ಪಂಜಾಬಿನ ನವಾಂಶಹರ್‌ನಲ್ಲಿ. ಅಣ್ಣಂದಿರಾದ ಚಮನ್ ಪುರಿ ಮತ್ತು ಮದನ್ ಪುರಿ ಆಗಲೇ ಚಿತ್ರರಂಗದಲ್ಲಿದ್ದರು. ಮದನ್ ಪುರಿ ಹಲವು ದಶಕಗಳ ಕಾಲ ಖಳನಾಗಿಯೇ ಹೆಸರು ಮಾಡಿದವರು. ತಮ್ಮನೂ ನಾಯಕನಾಗುವ ಆಸೆಯಿಂದ ಮುಂಬೈಗೆ ಬಂದು 1954ರಲ್ಲಿ ಸ್ಕ್ರೀನ್ ಟೆಸ್ಟ್ ಕೊಟ್ಟರು. ಸ್ಕ್ರೀನ್ ಟೆಸ್ಟ್ ಎಂದರೆ ಪಾತ್ರ ಕೊಡುವ ಮೊದಲು ಕ್ಯಾಮೆರಾದ ಮುಂದೆ ನಿಲ್ಲಿಸಿ ಮುಖ, ದನಿ, ಚಲನೆಗಳನ್ನು ಪರೀಕ್ಷಿಸುವುದು. ಮುಖ ಒರಟಾಗಿದೆ ಎಂಬ ಕಾರಣಕ್ಕೆ ಅವರನ್ನು ತಿರಸ್ಕರಿಸಲಾಯಿತು. ಕೋಮಲ ಮುಖದ ಪ್ರೇಮಿಯನ್ನೇ ನಾಯಕನೆಂದು ಬಗೆದಿದ್ದ ಆ ಕಾಲದಲ್ಲಿ ಇದೇನೂ ಅಚ್ಚರಿಯ ತೀರ್ಪಲ್ಲ.

ಅವರು ನೌಕರರ ರಾಜ್ಯ ವಿಮಾ ನಿಗಮದಲ್ಲಿ, ಅಂದರೆ ಕಾರ್ಮಿಕರಿಗೆ ಇಎಸ್‌ಐ ಚಿಕಿತ್ಸೆಯ ಸೌಲಭ್ಯ ಕೊಡುವ ಸರ್ಕಾರಿ ಸಂಸ್ಥೆಯಲ್ಲಿ, ಕೆಲಸಕ್ಕೆ ಸೇರಿ ಸುಮಾರು ಎರಡು ದಶಕ ದುಡಿದರು. ಹಗಲು ಕಚೇರಿ, ಸಂಜೆ ನಾಟಕದ ತಾಲೀಮು ಎಂಬುದು ಅವರ ದಿನಚರಿಯಾಯಿತು. ಚಿತ್ರರಂಗದಲ್ಲಿ ಗಮನಿಸಬಹುದಾದ ಪಾತ್ರ ದೊರೆತದ್ದು 1971ರ ‘ರೇಷ್ಮಾ ಔರ್ ಶೇರಾ’ದಲ್ಲಿ, ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಬಹುತೇಕ ನಾಯಕನಟರು ತಂದೆಯ ಪಾತ್ರಕ್ಕೆ ಅಂಜತೊಡಗುವ ವಯಸ್ಸಿನಲ್ಲಿ ಅವರ ಸಿನಿಮಾ ಬದುಕು ಶುರುವಾಯಿತು. ಈ ತಡ ಅವರಿಗೆ ಲಾಭವೇ ಆಯಿತೆಂದು ನನಗನ್ನಿಸುತ್ತದೆ. ಯೌವನದ ಚೆಲುವಿನ ಮೇಲೆ ನಿಂತ ವೃತ್ತಿಯಾಗಿದ್ದರೆ ವಯಸ್ಸಿನ ಜೊತೆಗೆ ಕುಗ್ಗಬೇಕಿತ್ತು, ಪುರಿಯವರ ವಿಷಯದಲ್ಲಿ ವಯಸ್ಸಾದಷ್ಟೂ ಪಾತ್ರಗಳ ತೂಕ ಹೆಚ್ಚಿತು.

ರಂಗದ ಮೇಲೆ ಕಲಿತದ್ದು

ಮುಂಬೈ ರಂಗಭೂಮಿಯಲ್ಲಿ ಅವರನ್ನು ತಿದ್ದಿದವರು ಇಬ್ಬರು: ಇಬ್ರಾಹಿಂ ಅಲ್ಕಾಝಿ ಮತ್ತು ಸತ್ಯದೇವ ದುಬೆ. ದುಬೆಯವರ ಜೊತೆಗಿನ ಒಡನಾಟ ದೀರ್ಘವಾದದ್ದು. ಮೋಹನ್ ರಾಕೇಶರ ‘ಆಧೇ ಅಧೂರೇ’ ನಾಟಕವನ್ನು ದುಬೆ ಮುಂಬೈಯಲ್ಲಿ ಆಡಿಸಿದಾಗ ಪುರಿ ಅದರಲ್ಲಿ ನಟಿಸಿದರು. ಆ ನಾಟಕದ ರಚನೆಯೇ ವಿಶಿಷ್ಟ. ಸಾವಿತ್ರಿ ಎಂಬ ಹೆಣ್ಣಿನ ಬದುಕಿನಲ್ಲಿ ಬರುವ ಗಂಡ, ಮೇಲಧಿಕಾರಿ, ಹಳೆಯ ಗೆಳೆಯ, ಗಂಡನ ಸ್ನೇಹಿತ ಈ ನಾಲ್ವರನ್ನೂ ಒಬ್ಬನೇ ನಟ ಮಾಡಬೇಕೆಂದು ನಾಟಕಕಾರರೇ ಸೂಚಿಸಿದ್ದಾರೆ. ಉಡುಪು ಸ್ವಲ್ಪ ಬದಲಾಗುತ್ತದೆ, ಉಳಿದ ವ್ಯತ್ಯಾಸವನ್ನೆಲ್ಲ ನಟ ತನ್ನ ನಡಿಗೆ, ನೋಟ ಮತ್ತು ಮಾತಿನ ಲಯದಿಂದ ತೋರಿಸಬೇಕು. ಜೊತೆಗೆ, ನಾಲ್ವರೂ ಒಳಗೆ ಒಬ್ಬನೇ ಗಂಡಸು ಎಂಬ ಅನುಮಾನವನ್ನೂ ಉಳಿಸಬೇಕು. ಒಂದೇ ಅಧಿಕಾರವನ್ನು ಹಲವು ಮುಖಗಳಲ್ಲಿ ತೋರಿಸುವ ಪುರಿಯವರ ಶಕ್ತಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇರಲಾರದು. ರಂಗಭೂಮಿಯ ಈ ದುಡಿಮೆಗಾಗಿ 1979ರಲ್ಲಿ ಅವರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂದಿತು. ದೊಡ್ಡ ಚಿತ್ರಗಳ ಖಳನಾಗಿ ಅವರ ಹೆಸರು ಮನೆಮಾತಾಗುವ ಮೊದಲೇ ಈ ಮನ್ನಣೆ ಬಂದದ್ದನ್ನು ಗಮನಿಸಬೇಕು.

ಅವರ ದನಿಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಅದು ಕೆಲಸ ಮಾಡುವ ಬಗೆಯ ಬಗ್ಗೆ ಮಾತನಾಡುವವರು ಕಡಿಮೆ. ಮೈಕು ಇಲ್ಲದ ರಂಗದ ಮೇಲೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ತಲುಪಬೇಕಾದರೆ ಕಿರುಚಿ ಪ್ರಯೋಜನವಿಲ್ಲ, ಏಕೆಂದರೆ ಕಿರುಚಿದಾಗ ಗಂಟಲು ಬಿಗಿದು ಅಕ್ಷರಗಳು ಒಡೆಯುತ್ತವೆ. ಹೊಟ್ಟೆಯಿಂದ ಉಸಿರನ್ನು ಎಳೆದು, ಎದೆಯಲ್ಲಿ ಅನುರಣಿಸಿ, ಪ್ರತಿ ವ್ಯಂಜನವನ್ನೂ ಪೂರ್ತಿ ಉಚ್ಚರಿಸಿ, ಎರಡು ಮಾತುಗಳ ನಡುವೆ ನಿಲುಗಡೆ ಕೊಡಬೇಕು. ಇದೇ ದನಿಯನ್ನು ಸ್ಟುಡಿಯೋದ ಮೈಕಿನ ಮುಂದೆ ಅರ್ಧಕ್ಕೆ ಇಳಿಸಿದರೂ ಅದರ ತೂಕ ಉಳಿಯುತ್ತದೆ. ಆ ದಿನಗಳಲ್ಲಿ ಬಹುತೇಕ ಹಿಂದಿ ಚಿತ್ರಗಳ ಮಾತನ್ನು ಚಿತ್ರೀಕರಣದ ನಂತರ ಸ್ಟುಡಿಯೋದಲ್ಲಿ ಡಬ್ ಮಾಡಲಾಗುತ್ತಿತ್ತು, ಅಂದರೆ ನಟ ತನ್ನ ಮಾತನ್ನು ಪರದೆಯ ಮೇಲಿನ ತುಟಿಚಲನೆಗೆ ಹೊಂದಿಸಿ ಮತ್ತೆ ಆಡಬೇಕಿತ್ತು. ದನಿಯ ಮೇಲೆ ಹಿಡಿತವಿರುವ ನಟನಿಗೆ ಇದು ಎರಡನೆಯ ಅವಕಾಶ. ಪುರಿಯವರ ಪಾತ್ರಗಳು ಅತ್ಯಂತ ಭಯ ಹುಟ್ಟಿಸುವುದು ಗರ್ಜಿಸಿದಾಗ ಅಲ್ಲ, ಗರ್ಜಿಸಬಹುದಾಗಿದ್ದರೂ ಮೆಲ್ಲಗೆ ಮಾತನಾಡಿದಾಗ.

‘ಕಾಡು’ ಮತ್ತು ಹೊಸ ಅಲೆಯ ಜಮೀನ್ದಾರರು

ಕನ್ನಡಿಗರಿಗೆ ಈ ಕಥೆಯಲ್ಲಿ ಒಂದು ಸ್ವಂತ ಪಾಲಿದೆ. ಪುರಿ ಹಿಂದಿಯ ಹೊಸ ಅಲೆಯಲ್ಲಿ ಹೆಸರು ಮಾಡುವ ಮೊದಲೇ 1973ರಲ್ಲಿ ಗಿರೀಶ ಕಾರ್ನಾಡರು ನಿರ್ದೇಶಿಸಿದ ‘ಕಾಡು’ ಚಿತ್ರದಲ್ಲಿ ಪ್ರಧಾನ ಪಾತ್ರ ಮಾಡಿದರು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಅವರು ಊರಿನ ಮುಖ್ಯಸ್ಥ ಚಂದ್ರೇಗೌಡ. ಹೆಂಡತಿ ಕಮಲಿಯನ್ನು ಮನೆಯಲ್ಲಿ ಬಿಟ್ಟು ರಾತ್ರಿ ಪಕ್ಕದೂರಿನ ಹೆಣ್ಣಿನ ಬಳಿಗೆ ಹೋಗುವ ಈ ಗೌಡನನ್ನು, ಎರಡು ಊರುಗಳ ಹಗೆಯನ್ನು, ನಾವು ನೋಡುವುದು ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ. ಆ ಕಣ್ಣಿಗೆ ಮಾವ ಕೆಟ್ಟವನೂ ಅಲ್ಲ, ಒಳ್ಳೆಯವನೂ ಅಲ್ಲ. ಪ್ರಶ್ನೆ ಕೇಳಲಾಗದ ದೊಡ್ಡವನು ಅಷ್ಟೇ. ಕಮಲಿಯಾಗಿ ನಟಿಸಿದ ನಂದಿನಿ ಭಕ್ತವತ್ಸಲ ಅವರಿಗೂ ಕಿಟ್ಟಿಯಾದ ಬಾಲನಟ ಜಿ. ಎಸ್. ನಟರಾಜನಿಗೂ ರಾಷ್ಟ್ರಪ್ರಶಸ್ತಿ ಬಂದವು. ಛಾಯಾಗ್ರಹಣ ಗೋವಿಂದ ನಿಹಲಾನಿಯವರದು. ಮುಂದೆ ಅವರೇ ನಿರ್ದೇಶಕರಾಗಿ ಪುರಿಯವರಿಗೆ ಎರಡು ಮರೆಯಲಾಗದ ಪಾತ್ರಗಳನ್ನು ಕೊಟ್ಟರು.

ಶ್ಯಾಮ್ ಬೆನೆಗಲ್ಲರ ‘ನಿಶಾಂತ್’ (1975) ಈ ಬಗೆಯ ಅಧಿಕಾರವನ್ನು ಇನ್ನಷ್ಟು ಕಠೋರವಾಗಿ ತೋರಿಸಿತು. ತೆಲಂಗಾಣದ ಹಳ್ಳಿಯೊಂದರಲ್ಲಿ ಜಮೀನ್ದಾರರ ಮನೆಯ ತಮ್ಮಂದಿರು ಶಾಲಾ ಮಾಸ್ತರನ ಹೆಂಡತಿಯನ್ನು ಹೊತ್ತೊಯ್ಯುತ್ತಾರೆ. ಮನೆಯ ಹಿರಿಯ ಪುರಿ, ಮಾಸ್ತರ ಕಾರ್ನಾಡ, ತಮ್ಮಂದಿರಲ್ಲಿ ಒಬ್ಬರು ಅನಂತ್ ನಾಗ್. ಮರುವರ್ಷದ ‘ಮಂಥನ್’ನಲ್ಲಿ ಹಾಲು ಸಹಕಾರ ಸಂಘ ಕಟ್ಟಲು ಬಂದ ಪಶುವೈದ್ಯನಿಗೆ ಎದುರಾಗುವ ಖಾಸಗಿ ಡೈರಿಯ ಮಾಲೀಕ ಮಿಶ್ರಾ ಆಗಿ ಪುರಿ, ವೈದ್ಯನಾಗಿ ಮತ್ತೆ ಕಾರ್ನಾಡ. ಗುಜರಾತಿನ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟು ನಿರ್ಮಿಸಿದ ಚಿತ್ರವಿದು. ಮಿಶ್ರಾ ಯಾರನ್ನೂ ಹೊಡೆಯುವುದಿಲ್ಲ. ಹಾಲಿಗೆ ಬೆಲೆ ಕಟ್ಟುವ ಹಕ್ಕು ತನ್ನದೇ ಎಂದು ನಂಬಿ ನಗುನಗುತ್ತಲೇ ಮಾತನಾಡುತ್ತಾನೆ.

ಈ ಅವಧಿಯ ಪಾತ್ರಗಳಲ್ಲಿ ‘ಭೂಮಿಕಾ’ (1977) ಚಿತ್ರದ ವಿನಾಯಕ ಕಾಳೆಯನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ಸ್ಮಿತಾ ಪಾಟೀಲ್ ಮಾಡಿದ ಉಷಾ ಎಂಬ ನಟಿ ಗಂಡನಿಂದ, ಚಿತ್ರರಂಗದಿಂದ ಬೇಸತ್ತು ಕಾಳೆಯ ದೊಡ್ಡ ಮನೆಗೆ ಬರುತ್ತಾಳೆ. ಕಾಳೆ ಸಭ್ಯ, ಮಿತಭಾಷಿ, ಆಕೆಗೆ ಮನೆಯೊಡತಿಯ ಗೌರವ ಕೊಡುವವನು. ಹಾಸಿಗೆ ಹಿಡಿದ ಮೊದಲ ಹೆಂಡತಿಯೂ ಅದೇ ಮನೆಯಲ್ಲಿದ್ದಾಳೆ. ಆ ಮನೆಯ ಹೆಂಗಸರು ಅವನ ಅಪ್ಪಣೆಯಿಲ್ಲದೆ ಹೊಸ್ತಿಲು ದಾಟುವಂತಿಲ್ಲ ಎಂಬುದು ಉಷಾಗೆ ತಿಳಿಯುವುದು ಒಮ್ಮೆ ಹೊರಗೆ ಹೋಗಬೇಕೆಂದು ಕೇಳಿದಾಗ. ಆಗಲೂ ಕಾಳೆ ದನಿ ಏರಿಸುವುದಿಲ್ಲ, ನಿಯಮವನ್ನು ತಿಳಿಸುತ್ತಾನೆ. ಹಿಂಸೆಯ ಒಂದು ಗುರುತೂ ಇಲ್ಲದೆ ಒಬ್ಬಳನ್ನು ಸೆರೆಯಲ್ಲಿಡುವ ಈ ಮನುಷ್ಯನಿಗೆ ಹೋಲಿಸಿದರೆ ಮುಂದಿನ ದಶಕದ ಬಂದೂಕು ಹಿಡಿದ ಖಳರು ನನಗೆ ಹಗುರವಾಗಿ ಕಾಣುತ್ತಾರೆ.

ನಿಹಲಾನಿಯವರ ‘ಆಕ್ರೋಶ್’ (1980) ಇದೇ ಅಧಿಕಾರವನ್ನು ತಲೆಕೆಳಗು ಮಾಡಿತು. ಅಲ್ಲಿ ಪುರಿ ಸರ್ಕಾರಿ ವಕೀಲ ದುಸಾನೆ. ಸ್ವತಃ ಆದಿವಾಸಿಯಾಗಿದ್ದು, ಆದಿವಾಸಿಯೊಬ್ಬನ ವಿರುದ್ಧವೇ ವಾದಿಸುವವನು. ನ್ಯಾಯಾಲಯದಲ್ಲಿ ಗಟ್ಟಿಯಾಗಿರುವ ಅವನ ದನಿ, ಜಾತಿ ಹಿಡಿದು ನಿಂದಿಸುವ ಅನಾಮಿಕ ಫೋನ್ ಕರೆಯ ಮುಂದೆ ಬತ್ತಿಹೋಗುತ್ತದೆ. ‘ಅರ್ಧಸತ್ಯ’ (1983) ಚಿತ್ರದಲ್ಲಿ ಅವರು ಓಂ ಪುರಿ ಮಾಡಿದ ಪೊಲೀಸ್ ಅಧಿಕಾರಿಯ ತಂದೆ, ನಿವೃತ್ತ ಪೊಲೀಸ್ ಪೇದೆ. ಮನೆಯಲ್ಲಿ ಹೆಂಡತಿಯನ್ನು ಹೊಡೆಯುತ್ತಿದ್ದ ಈ ತಂದೆಯ ಕೋಪವೇ ಮಗನ ರಕ್ತದಲ್ಲಿ ಹರಿದುಬಂದದ್ದನ್ನು ಚಿತ್ರ ಬಿಡಿಸಿಡುತ್ತದೆ.

ಮುಖ್ಯಧಾರೆಗೆ ದಾಟಿದ ಬಗೆ

1980ರ ‘ಹಮ್ ಪಾಂಚ್’ ಅವರನ್ನು ವಾಣಿಜ್ಯ ಚಿತ್ರಗಳ ಪ್ರಮುಖ ಖಳನಾಗಿ ನಿಲ್ಲಿಸಿತು. ಇದರ ಮೂಲ ಪುಟ್ಟಣ್ಣ ಕಣಗಾಲರ ‘ಪಡುವಾರಳ್ಳಿ ಪಾಂಡವರು’ (1978). ಊರನ್ನು ಹಿಂಡುವ ಜಮೀನ್ದಾರನ ವಿರುದ್ಧ ಐವರು ಯುವಕರು ಏಳುವ ಕಥೆಯನ್ನು ಬಾಪು ಮೊದಲು ತೆಲುಗಿಗೆ, ಬಳಿಕ ಹಿಂದಿಗೆ ತಂದರು. ಬೆನೆಗಲ್ ಚಿತ್ರಗಳಲ್ಲಿ ಅವರು ಮಾಡಿದ್ದ ಜಮೀನ್ದಾರನನ್ನೇ ಇಲ್ಲಿ ಮಹಾಭಾರತದ ಚೌಕಟ್ಟಿಗೆ ತಂದು ಹಿಗ್ಗಿಸಲಾಗಿದೆ ಎಂಬುದು ಎರಡನ್ನೂ ನೋಡಿದವರಿಗೆ ತಿಳಿಯುತ್ತದೆ.

ಕಾಲವೂ ಅನುಕೂಲವಾಗಿತ್ತು. ಹಿಂದಿ ಚಿತ್ರಗಳ ಖಳ ಬಹುಕಾಲ ಹಳ್ಳಿಯ ಸಾಹುಕಾರನೋ ಜಮೀನ್ದಾರನೋ ಆಗಿದ್ದ. ಎಪ್ಪತ್ತರ ದಶಕದಲ್ಲಿ ಅವನು ಕಳ್ಳಸಾಗಣೆದಾರನಾದ, 1975ರ ‘ಶೋಲೆ’ಯ ಗಬ್ಬರ್ ಸಿಂಗ್ ಬಂದಮೇಲೆ ನಾಯಕನಷ್ಟೇ ಜನಪ್ರಿಯನೂ ಆದ. ನಿರ್ಮಾಪಕರಿಗೆ ಅಮಿತಾಭ್ ಬಚ್ಚನ್ನರಂತಹ ಎತ್ತರದ ನಾಯಕರ ಎದುರು ಕುಗ್ಗದೆ ನಿಲ್ಲಬಲ್ಲ ನಟ ಬೇಕಾಗಿದ್ದ. ಪುರಿ ‘ವಿಧಾತಾ’, ‘ಶಕ್ತಿ’, ‘ಹೀರೋ’ ಚಿತ್ರಗಳಲ್ಲಿ ಒಂದರ ಹಿಂದೊಂದು ಕಾಣಿಸಿಕೊಂಡರು. 1985ರ ‘ಮೇರಿ ಜಂಗ್’ನ ವಕೀಲ ಠಕ್ರಾಲ್ ಇವುಗಳಲ್ಲಿ ಮೇಲಿನ ಮಟ್ಟದ್ದು. ತನ್ನ ವಾದಚಾತುರ್ಯದಿಂದ ನಿರಪರಾಧಿಯೊಬ್ಬನನ್ನು ಗಲ್ಲಿಗೇರಿಸುವ ಈ ವಕೀಲನ ಆಯುಧ ಮಾತು ಮಾತ್ರ. ಆ ನಿರಪರಾಧಿ ಇಲ್ಲಿಯೂ ಗಿರೀಶ ಕಾರ್ನಾಡರೇ. ಈ ಪಾತ್ರ ಪುರಿಯವರಿಗೆ ಮೊದಲ ಫಿಲ್ಮ್‌ಫೇರ್ ಪೋಷಕ ನಟ ಪ್ರಶಸ್ತಿ ತಂದಿತು.

ಇದೇ ಹೊತ್ತಿಗೆ ಹೊರದೇಶದ ಚಿತ್ರಗಳೂ ಬಂದವು. ‘ಗಾಂಧಿ’ (1982) ಚಿತ್ರದಲ್ಲಿ ದಕ್ಷಿಣ ಆಫ್ರಿಕದ ಭಾರತೀಯ ವ್ಯಾಪಾರಿ ಖಾನ್ ಆಗಿ ಚಿಕ್ಕ ಪಾತ್ರ. 1984ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದ ಇಂಡಿಯಾನಾ ಜೋನ್ಸ್ ಚಿತ್ರದಲ್ಲಿ ನರಬಲಿ ಕೊಡುವ ಪೂಜಾರಿ ಮೋಲಾ ರಾಮ್. ಭಾರತವನ್ನು ತೋರಿಸಿದ ರೀತಿಗಾಗಿ ಆ ಚಿತ್ರ ಟೀಕೆಗೆ ಗುರಿಯಾಯಿತು, ಚಿತ್ರೀಕರಣಕ್ಕೂ ಭಾರತದಲ್ಲಿ ಅವಕಾಶ ಸಿಗದೆ ತಂಡ ಶ್ರೀಲಂಕಾಕ್ಕೆ ಹೋಗಬೇಕಾಯಿತು. ಆ ಟೀಕೆಯಲ್ಲಿ ಹುರುಳಿದೆ. ಆದರೆ ಪಾತ್ರಕ್ಕಾಗಿ ಬೋಳಿಸಿದ ತಲೆಯೇ ಮುಂದೆ ಅವರ ಗುರುತಾಯಿತು, ಪ್ರತಿ ಚಿತ್ರಕ್ಕೂ ಬೇರೆ ಬೇರೆ ಟೋಪನ್ ಹಾಕಿ ಬೇರೆಯದೇ ಮನುಷ್ಯನಾಗುವ ಅನುಕೂಲವೂ ದೊರೆಯಿತು.

ಮೊಗ್ಯಾಂಬೊ ಏಕೆ ನೆನಪಿನಲ್ಲಿ ಉಳಿದ?

ಶೇಖರ್ ಕಪೂರ್ ನಿರ್ದೇಶನದ, ಸಲೀಂ-ಜಾವೇದ್ ಬರೆದ ‘ಮಿಸ್ಟರ್ ಇಂಡಿಯಾ’ 1987ರಲ್ಲಿ ಬಂದಿತು. ಅದರ ಖಳ ಮೊಗ್ಯಾಂಬೊ ಆಗಿ ಪುರಿ. ಹೊಂಬಣ್ಣದ ಕೂದಲು, ಜರತಾರಿ ಕಸೂತಿಯ ಸೇನಾಧಿಪತಿಯ ಕೋಟು, ಸಿಂಹಾಸನ, ಕುದಿಯುವ ಆಮ್ಲದ ಕೊಳ, ದೇಶವನ್ನೇ ನಾಶಮಾಡುವ ಯೋಜನೆ, ಇವೆಲ್ಲ ಮಕ್ಕಳ ಚಿತ್ರಕಥೆಯ ಸರಕು. ಮೊಗ್ಯಾಂಬೊ ಯಾರು, ಎಲ್ಲಿಂದ ಬಂದ ಎಂಬುದಕ್ಕೆ ಚಿತ್ರದಲ್ಲಿ ಉತ್ತರವೇ ಇಲ್ಲ.

ಯಕ್ಷಗಾನ ನೋಡಿದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ಬಣ್ಣದ ವೇಷದ ರಾಕ್ಷಸ ರಂಗಕ್ಕೆ ಬರುವಾಗ ಅವನ ಹುಟ್ಟು, ಬಾಲ್ಯ, ಮನಸ್ಸಿನ ಗಾಯಗಳನ್ನು ಯಾರೂ ಕೇಳುವುದಿಲ್ಲ. ಒಡ್ಡೋಲಗದಲ್ಲಿ, ಅಂದರೆ ರಂಗಕ್ಕೆ ಬರುವ ಆ ವೈಭವದ ಪ್ರವೇಶದಲ್ಲಿ, ಅವನು ಎಷ್ಟು ಎತ್ತರವಾಗಿ ನಿಲ್ಲುತ್ತಾನೆ, ಅಬ್ಬರ ಹೇಗಿದೆ, ಚೆಂಡೆಯ ಪೆಟ್ಟಿಗೆ ಮೈ ಹೇಗೆ ಉತ್ತರಿಸುತ್ತದೆ ಎಂಬುದೇ ಮುಖ್ಯ. ಅವನನ್ನು ಗೆಲ್ಲುವವನ ಬೆಲೆ ಅವನ ಈ ಎತ್ತರದಿಂದಲೇ ನಿರ್ಧಾರವಾಗುತ್ತದೆ. ಮೊಗ್ಯಾಂಬೊನ ಪ್ರತಿಯೊಂದು ದೃಶ್ಯವೂ ಇಂಥ ಒಡ್ಡೋಲಗ. ‘ಮೊಗ್ಯಾಂಬೊ ಖುಷ್ ಹುವಾ’ ಎಂಬ ಮೂರು ಪದಗಳ ಮಾತು ಬರೆಹದಲ್ಲಿ ಏನೂ ಅಲ್ಲ. ತನ್ನನ್ನು ‘ನಾನು’ ಎನ್ನದೆ ಹೆಸರಿನಿಂದ ಕರೆದುಕೊಳ್ಳುವ ಅಹಂಕಾರ, ಹೆಸರಿನ ನಂತರ ಒಂದು ಕ್ಷಣದ ನಿಲುಗಡೆ, ಬಳಿಕ ಇಳಿದನಿಯ ತೃಪ್ತಿ, ಹೀಗೆ ಪುರಿ ಅದನ್ನು ಕಟ್ಟಿದರು. ಚಿತ್ರದುದ್ದಕ್ಕೂ ಹಲವು ಬಾರಿ ಬಂದರೂ ಪ್ರತಿಸಲವೂ ಸಂತೋಷದ ಪ್ರಮಾಣ ಬೇರೆ. ಮುಖ್ಯವಾಗಿ, ಇಷ್ಟು ಅತಿರೇಕದ ಉಡುಪಿನೊಳಗೂ ಅವರು ಪಾತ್ರವನ್ನು ಗೇಲಿ ಮಾಡಲಿಲ್ಲ, ತಾನು ಜಗತ್ತಿನ ಒಡೆಯನೆಂದು ಪೂರ್ತಿ ನಂಬಿದವನಂತೆಯೇ ನಟಿಸಿದರು. ಮಕ್ಕಳು ಹೆದರಿದ್ದೂ ಪ್ರೀತಿಸಿದ್ದೂ ಈ ನಂಬಿಕೆಯಿಂದಲೇ.

ಆಮೇಲಿನ ಐದಾರು ವರ್ಷ ‘ತ್ರಿದೇವ್’, ‘ಘಾಯಲ್’, ‘ಸೌದಾಗರ್’ಗಳ ಸಾಲು. ದಕ್ಷಿಣದಲ್ಲಿ ಮಣಿರತ್ನಂ ಅವರ ‘ದಳಪತಿ’ (1991) ಚಿತ್ರಕ್ಕೂ ಅವರೇ ಖಳ, ತೆಲುಗಿನ ‘ಜಗದೇಕ ವೀರುಡು ಅತಿಲೋಕ ಸುಂದರಿ’ಗೆ ಅವರೇ ಮಾಂತ್ರಿಕ.

ಖಳನಾಯಕ ತಂದೆಯಾದಾಗ

ತೊಂಬತ್ತರ ದಶಕದ ನಡುವೆ ಹಿಂದಿ ಚಿತ್ರಗಳ ಸ್ವರೂಪ ಬದಲಾಯಿತು. ಆರ್ಥಿಕ ಉದಾರೀಕರಣದ ನಂತರ ವಿದೇಶದಲ್ಲಿ ನೆಲೆಸಿದ ಭಾರತೀಯ ಕುಟುಂಬಗಳ ಪ್ರೇಮಕಥೆಗಳು ಮುನ್ನೆಲೆಗೆ ಬಂದವು. ಅಲ್ಲಿ ಕಳ್ಳಸಾಗಣೆದಾರನಿಗೆ ಜಾಗವಿರಲಿಲ್ಲ. ಪ್ರೇಮಿಗಳ ಎದುರು ನಿಲ್ಲಬೇಕಾದದ್ದು ಮನೆಯ ಹಿರಿಯ. ‘ದಿಲ್‌ವಾಲೇ ದುಲ್ಹನಿಯಾ ಲೇ ಜಾಯೇಂಗೇ’ ನಿರ್ದೇಶಿಸಿದ ಆದಿತ್ಯ ಚೋಪ್ರಾ ಬಲದೇವ್ ಸಿಂಗ್ ಪಾತ್ರಕ್ಕೆ ಪುರಿಯವರನ್ನು ಆರಿಸಿದ್ದರ ಲೆಕ್ಕಾಚಾರ ಇಲ್ಲಿದೆ. ಈ ನಟ ತೆರೆಯ ಮೇಲೆ ಬಂದೊಡನೆ ಪ್ರೇಕ್ಷಕನಿಗೆ ಹತ್ತಾರು ಖಳರ ನೆನಪಾಗುತ್ತದೆ, ಆದ್ದರಿಂದ ತಂದೆ ಒಂದು ಮಾತೂ ಆಡದೆ ಮಗಳ ಭಯ ನಮಗೆ ಅರ್ಥವಾಗುತ್ತದೆ.

ಚಿತ್ರ ಶುರುವಾಗುವುದೇ ಬಲದೇವನಿಂದ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತ, ಒಂದು ದಿನ ತನ್ನ ನೆಲಕ್ಕೆ ಮರಳುವೆನೆಂದು ಅವನು ತನಗೇ ಹೇಳಿಕೊಳ್ಳುತ್ತಾನೆ. ಅವನ ಕಾಠಿಣ್ಯದ ಬೇರು ಈ ನೆನವರಿಕೆ. ಊರು ಕೈಬಿಟ್ಟುಹೋಗಿದೆ, ಮಗಳೂ ಹೋದರೆ ತಾನು ಯಾರೆಂಬುದೇ ಉಳಿಯುವುದಿಲ್ಲ ಎಂಬ ಭಯ ಅವನದು. ಕೊನೆಯಲ್ಲಿ ರೈಲು ಹೊರಟಾಗ ಮಗಳ ಕೈ ಹಿಡಿದು ನಿಂತವನು ಬಾಗಿಲಲ್ಲಿ ನಿಂತ ಹುಡುಗನನ್ನು ನೋಡಿ, ಮಗಳನ್ನು ನೋಡಿ, ಬೆರಳು ಸಡಿಲಿಸುತ್ತಾನೆ. ಆ ದೃಶ್ಯದಲ್ಲಿ ಕಥೆಯ ತೀರ್ಮಾನ ಪ್ರೇಮಿಗಳ ಕೈಯಲ್ಲಿಲ್ಲ, ತಂದೆಯ ಕೈಯಲ್ಲಿದೆ. ಅಧಿಕಾರವನ್ನು ಅವನು ಕಳೆದುಕೊಳ್ಳುವುದಿಲ್ಲ, ತಾನಾಗಿಯೇ ಬಿಟ್ಟುಕೊಡುತ್ತಾನೆ. ದುರ್ಜನ್ ಸಿಂಗ್‌ನಿಂದ ಅದನ್ನು ಕೊಂದೇ ಕಿತ್ತುಕೊಳ್ಳಬೇಕಾಗಿತ್ತು.

ಈ ತಿರುವಿಗೆ ಮುನ್ಸೂಚನೆ ಇರಲಿಲ್ಲವೆಂದಲ್ಲ. ಪ್ರಿಯದರ್ಶನ್ ನಿರ್ದೇಶಿಸಿದ ‘ಗರ್ದಿಶ್’ (1993) ಚಿತ್ರದಲ್ಲಿ ಮಗನನ್ನು ಪೊಲೀಸ್ ಅಧಿಕಾರಿಯಾಗಿ ನೋಡುವ ಕನಸು ಹೊತ್ತು, ಅವನು ರೌಡಿಯಾಗುವುದನ್ನು ನೋಡಬೇಕಾಗುವ ಪೇದೆಯಾಗಿ ಅವರು ಆಗಲೇ ಮನಕಲಕಿದ್ದರು. ‘ಘಾತಕ್’ (1996) ಇನ್ನೂ ಧೈರ್ಯದ ಪ್ರಯೋಗ. ಗಂಟಲಿನ ಕ್ಯಾನ್ಸರಿನ ಚಿಕಿತ್ಸೆಗೆಂದು ಬನಾರಸಿನಿಂದ ಮುಂಬೈಗೆ ಬರುವ ಮುದುಕ ಶಂಭುನಾಥನ ಪಾತ್ರಕ್ಕೆ, ದನಿಯಿಂದಲೇ ದೇಶ ಗುರುತಿಸುವ ನಟನನ್ನು ಆರಿಸಲಾಯಿತು, ಆ ದನಿಯನ್ನು ಕೆಮ್ಮು ಕತ್ತರಿಸುತ್ತದೆ. ಈ ಪಾತ್ರಕ್ಕೂ, ತಮಿಳಿನ ‘ತೇವರ್ ಮಗನ್’ನಲ್ಲಿ ಶಿವಾಜಿ ಗಣೇಶನ್ ಮಾಡಿದ್ದ ಪಾತ್ರದ ಹಿಂದಿ ರೂಪವಾದ ‘ವಿರಾಸತ್’ (1997) ಚಿತ್ರದ ಊರಿನ ಹಿರಿಯನಿಗೂ ಮತ್ತೆರಡು ಫಿಲ್ಮ್‌ಫೇರ್ ಪ್ರಶಸ್ತಿಗಳು ಬಂದವು. ‘ಚಾಚಿ 420’ರಲ್ಲಿ ಹೆಣ್ಣುವೇಷದ ಕಮಲಹಾಸನ್‌ಗೆ ಮನಸೋಲುವ ಮಾವನಾಗಿ ನಗಿಸಿದರು ಕೂಡ, ಬಿಗಿಯಾದ ಮನುಷ್ಯ ನಾಚಿದಾಗ ಹುಟ್ಟುವ ನಗೆ ಅದು.

2001ರಲ್ಲಿ ‘ಗದರ್’ನ ಲಾಹೋರಿನ ಮೇಯರ್ ಅಶ್ರಫ್ ಅಲಿ, ‘ನಾಯಕ್’ನ ಮುಖ್ಯಮಂತ್ರಿ ಬಲರಾಜ್ ಚೌಹಾಣ್ ಪಾತ್ರಗಳು ಜನರ ಬಾಯಲ್ಲಿ ಓಡಾಡಿದವು. 2005ರ ಜನವರಿ 12ರಂದು ಮುಂಬೈಯಲ್ಲಿ ಅವರು ತೀರಿಕೊಂಡಾಗ ವಯಸ್ಸು ಎಪ್ಪತ್ತೆರಡು, ಸುಭಾಷ್ ಘೈ ಅವರ ‘ಕಿಸ್ನಾ’ ಅದೇ ತಿಂಗಳು ತೆರೆಕಾಣುವುದರಲ್ಲಿತ್ತು.

ಜನಪ್ರಿಯತೆಯ ತುದಿಯಲ್ಲಿದ್ದಾಗಲೂ ಅವರು ಬೆನೆಗಲ್ಲರ ಕರೆಗೆ ಹೋಗುತ್ತಲೇ ಇದ್ದರು. ‘ಸೂರಜ್ ಕಾ ಸಾತ್ವಾ ಘೋಡಾ’, ‘ಸರ್ದಾರಿ ಬೇಗಂ’ಗಳ ನಂತರ 2001ರಲ್ಲಿ ‘ಝುಬೇದಾ’ ಬಂದಿತು. ಅದರಲ್ಲಿ ಅವರು ಚಿತ್ರೋದ್ಯಮಿ ಸುಲೇಮಾನ್ ಸೇಠ್. ತಾನೇ ಸಿನಿಮಾ ತೆಗೆಯುತ್ತಿದ್ದರೂ ಮಗಳು ಸಿನಿಮಾದಲ್ಲಿ ನಟಿಸುವುದನ್ನು ತಡೆದು, ಆಕೆಯ ಇಷ್ಟ ಕೇಳದೆ ಮದುವೆ ಮಾಡಿಸುತ್ತಾನೆ. ಬಲದೇವ್ ಸಿಂಗ್‌ನನ್ನು ಮೆಚ್ಚಿದವರು ಈ ಚಿತ್ರವನ್ನು ತಪ್ಪದೆ ನೋಡಬೇಕು: ಅದೇ ನಟ, ಮಗಳ ಮೇಲಿನ ಪ್ರೀತಿಯೂ ಅಷ್ಟೇ ನಿಜವಾದದ್ದು, ಆದರೆ ಈ ತಂದೆ ಹಿಡಿದ ಕೈಯನ್ನು ಬಿಡುವುದಿಲ್ಲ.